ಒದ್ದೆ ಸ್ಪಂಜು ಮತ್ತು ಮುಖ ತೊಳೆಯುವ ಶಾಸ್ತ್ರ

ಸ್ನೇಹಿತರೇ, ಇದನ್ನು ಈಗಲೇ ಬರೆದುಬಿಡುತ್ತೇನೆ. ಇವತ್ತು ಸಿದ್ಧಾರ್ಥನಗರದ ನಮ್ಮ ಮನೆಗೆ ಅಕ್ಕನನ್ನು ನೋಡಲು ಗಂಡಿನವರು ಬಂದಿದ್ದರು. ಮೇಕಪ್ ನನ್ನ ಪಾಲಿನ ಕೆಲಸ. ಡಿಸೆಂಬರಿನ ಒಣಗಾಳಿಗೆ ಅವಳ ಕೆನ್ನೆ ಸಿಪ್ಪೆ ಏಳುತ್ತಿತ್ತು. ಫೌಂಡೇಶನ್ ಹಚ್ಚಿದರೆ ಸುಣ್ಣ ಬಳಿದ ಹಳೇ ಗೋಡೆಯಂತೆ ಕಾಣುತ್ತಿತ್ತು. ಸ್ಪಂಜನ್ನು ಒದ್ದೆ ಮಾಡಿ ಮೆಲ್ಲಗೆ ಒತ್ತಿದೆ. ಒಂದು ಕೆನ್ನೆ ಸರಿಹೋಗುವಷ್ಟರಲ್ಲಿ ಇನ್ನೊಂದು ಬಿರಿಯುತ್ತಿತ್ತು.

"ಬೇಗ ಕಣೇ, ಬಂದ್ಬುಟ್ರು," ಅಮ್ಮ ಬಾಗಿಲಲ್ಲಿ ಪಿಸುಗುಟ್ಟಿದರು. ನಾನು ಸ್ಪಂಜನ್ನು ಮತ್ತೆ ಒದ್ದೆ ಮಾಡಿದೆ.

ಅಂತೂ ಮುಖ ಒಂದು ಹದಕ್ಕೆ ಬಂತು. ಅಕ್ಕ ಎಲ್ಲರಿಗೂ ಕಾಫಿ ಕೊಟ್ಟು ಕೂತಳು. ಹುಡುಗನ ಅಜ್ಜಿ ಅವಳನ್ನೇ ದಿಟ್ಟಿಸಿ, "ಏನೂ ತಿಳ್ಕೋಬೇಡ ಕಣಮ್ಮ, ಮುಖ ತೊಳ್ಕೊಂಡು ಬಾ. ನಮ್ಮ ಕಡೆ ಹೆಣ್ಣಿನ ಬಣ್ಣ ಹಂಗೇ ನೋಡೋದು," ಎಂದರು.

ಅಪ್ಪ ನೆಲ ನೋಡಿದರು. ಅಕ್ಕ ಹುಡುಗನ ಕಾಲರಿನ ಮೇಲೆ ಉದುರಿದ್ದ ಪೌಡರನ್ನು ನೋಡಿ, "ಆಗ್ಲಿ ಅಜ್ಜಿ. ಅವ್ರೂ ಬರ್ಲಿ, ಇಬ್ರೂ ತೊಳ್ಕೊಂಡು ಬರ್ತೀವಿ," ಎಂದಳು.

ಹುಡುಗ ಮೆಲ್ಲನೆ ಎದ್ದು, "ಬಚ್ಚಲುಮನೆ ಯಾವ ಕಡೆ?" ಅಂದ.

ಉತ್ತರ ನಾಳೆ ತಿಳಿಸುತ್ತಾರಂತೆ. ನಮ್ಮ ಟವೆಲ್ ಮೇಲೆ ಮಾತ್ರ ಅಕ್ಕನ ಬಣ್ಣಕ್ಕಿಂತ ಹುಡುಗನದೇ ಜಾಸ್ತಿ ಇದೆ.