ಕುಪ್ಪಗಡ್ಡೆಗೆ ಮುಟ್ಟಿಸದ ಮಾತು

ನನಗೆ ಬಹುಮಾನ ತಂದುಕೊಟ್ಟ ಫೋಟೋ ಒಂದು ಸುಳ್ಳಿನಿಂದ ಹುಟ್ಟಿದ್ದು. ಆ ಸುಳ್ಳು ಹೇಳಿದವಳು ನಾನು. ಕುರಿಹಟ್ಟಿಯ ಬೇಲಿಗೆ ಒರಗಿ ಕೂತ ಹೆಂಗಸಿನ ಮುಖ ಅದು. ನೋಡಿದವರೆಲ್ಲ ‘ಎಂಥ ಭಾವ!’ ಅನ್ನುತ್ತಾರೆ. ಆ ಭಾವ ಆಕೆಯ ಮುಖಕ್ಕೆ ಬಂದದ್ದು ನನ್ನ ಬಾಯಿಂದ — ಕ್ಯಾಮೆರಾದ ಗುಂಡಿ ಒತ್ತುವುದಕ್ಕೆ ಒಂದು ಗಳಿಗೆ ಮುಂಚೆ ನಾನಾಡಿದ ಎರಡು ಮಾತಿನಿಂದ. ನಾಲ್ಕು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಶಿಕಾರಿಪುರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಬೋರ್ಡಿನಲ್ಲಿ ನನ್ನ ಹೆಸರಿನ ಪಕ್ಕ ‘ಬಿ.ಎ.’ ಎಂದು ಬರೆಸಿದ್ದೇನೆ. ಫೋಟೋ ತೆಗೆಯಲು ಬಿ.ಎ. ಯಾಕೆ ಎಂದು ನಕ್ಕವರಿದ್ದಾರೆ. ನಗಲಿ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತುವುದು ನಿಂತದ್ದೇ ನನ್ನಿಂದ. ಆ ಎರಡು ಅಕ್ಷರಕ್ಕೆ ನಾನು ಪಟ್ಟ ಪಾಡು ನನಗೆ ಗೊತ್ತು.

ಗುರುತಿಲ್ಲದವರ ಮುಖ ಸಡಿಲ ಮಾಡುವುದು ನನ್ನ ಕಸುಬಿನ ಅರ್ಧ. ಕ್ಯಾಮೆರಾ ಕಂಡರೆ ನಮ್ಮ ಕಡೆಯ ಹೆಂಗಸರು ಬಿಗಿಯುತ್ತಾರೆ, ಸೆರಗು ಎಳೆದುಕೊಳ್ಳುತ್ತಾರೆ, ಅನುಮಾನದಿಂದ ನೋಡುತ್ತಾರೆ. ಅದಕ್ಕೆ ನನ್ನದೊಂದು ಉಪಾಯವಿತ್ತು. ಕ್ಯಾಮೆರಾ ಚೀಲದಲ್ಲೇ ಇರಲಿ, ಮೊದಲು ತವರು ಯಾವುದು ಎಂದು ಕೇಳುವುದು. ಅವರು ಊರ ಹೆಸರು ಹೇಳಿದ ಕೂಡಲೇ, ‘ಅಯ್ಯೋ, ನಮ್ಮವ್ವನ ಊರೂ ಅದೇ’ ಅನ್ನುವುದು. ಅಷ್ಟಕ್ಕೇ ಭುಜ ಇಳಿಯುತ್ತದೆ, ಹುಬ್ಬು ಬಿಚ್ಚುತ್ತದೆ. ಹೀಗೆ ನಮ್ಮವ್ವನಿಗೆ ಎಷ್ಟು ಊರು ತವರಾಗಿದ್ದವೋ — ಲೆಕ್ಕ ಇಟ್ಟವಳಲ್ಲ. ಯಾರಿಗೂ ನಷ್ಟವಿಲ್ಲದ ಸುಳ್ಳು ಅಂದುಕೊಂಡಿದ್ದೆ.

ಆ ಫೋಟೋದ ಹೆಂಗಸು ಹನುಮಕ್ಕನ ಹಟ್ಟಿಗೆ ಮೊದಲ ಸಲ ಹೋದದ್ದು ಫೋಟೋ ಸ್ಪರ್ಧೆಯೊಂದಕ್ಕೆ. ಆಕೆ ನನ್ನನ್ನು ಕಾಲಿಂದ ತಲೆಯವರೆಗೆ ಅಳೆದಳು.

“ಯಾವ ಆಫೀಸಿನಾಕಿ ನೀನು?”

“ಆಫೀಸಿನವಳಲ್ಲವ್ವಾ. ಸ್ಟುಡಿಯೋದವಳು.”

“ಹಂಗಂದು ಫೋಟ ಹೊಡಕಂತಿ, ಆಮ್ಯಾಲೆ ಅದನ್ನ ಯಾವ ಅರ್ಜಿಗೆ ಅಂಟಸ್ತೀಯೋ!”

ಕುರಿಗೆ ಸೊಪ್ಪು ಹಾಕುತ್ತಿದ್ದ ಆಕೆಯ ಗಂಡ ಅಲ್ಲಿಂದಲೇ ನಕ್ಕ. “ಈಕಿ ಫೋಟ ತೆಗೀಬ್ಯಾಡ ತಂಗಿ, ನಿನ್ನ ಕ್ಯಾಮೆರಾ ಹೆದರಿಕಂತೈತಿ.”

ನಾನು ತವರು ಕೇಳಿದೆ. ಸೊರಬದ ಕಡೆ, ಕುಪ್ಪಗಡ್ಡೆ ಅಂದಳು. ಮದುವೆಯೊಂದರ ಫೋಟೋ ತೆಗೆಯಲು ಒಂದೇ ಒಂದು ಸಲ ಹೋಗಿದ್ದ ಊರು. ‘ನಮ್ಮವ್ವನ ಊರೂ ಅದೇ’ ಅಂದೆ.

ಮುಖ ಬಿಚ್ಚಿತು. ಅದರ ಜೊತೆಗೆ ನಾನು ಕೇಳದೇ ಇದ್ದದ್ದೂ ಬಿಚ್ಚಿಕೊಂಡಿತು. ತಾಯಿ ಸತ್ತಾಗ ಸುದ್ದಿ ತಡವಾಗಿ ಬಂತಂತೆ. ಹನುಮಕ್ಕ ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ತಮ್ಮ ಕೆರಿಯಪ್ಪನಿಗೆ, ಇನ್ನು ನನ್ನ ಬಾಗಿಲಿಗೆ ಬರಬೇಡ ಎಂದು ಅಲ್ಲೇ ಅಂದುಬಿಟ್ಟಳು. ಅವನು ಬರಲಿಲ್ಲ. ಕರೆಯದೆ ತವರಿಗೆ ಹೋಗುವುದು ಹೇಗೆ? ಈಕೆಯೂ ಹೋಗಲಿಲ್ಲ.

“ಬರಬ್ಯಾಡ ಅಂದಾಕಿನೂ ನಾನೇ, ಬಾ ಅನ್ನಾಕಿನೂ ನಾನೇ ಅಂತ ಹೇಳು ಅವಂಗೆ. ಪಂಚಮಿಗೆ ಕರ್ಯಾಕ ಬಂದ್ರೆ ಬರ್ತೀನಿ.”

“ಫೋನ್ ಹಚ್ಚಿ ನೀನೇ ಹೇಳಬಾರದೇನು?” ಅಂದ ಗಂಡ.

“ಇಂಥ ಮಾತು ಫೋನಿನಾಗ ಆಡಾದಲ್ಲ. ತವರಿನ ಕಡ್ಯಾರು ಎದುರಿಗೆ ನಿಂತು ಹೇಳಬೇಕು. ಈಕಿ ನಮ್ಮೂರಾಕಿ, ಹೇಳ್ತಾಳೆ.”

ಹೇಳ್ತೀನಿ ಅಂದೆ. ಹೇಳಲಿಲ್ಲ. ಸೊರಬದಲ್ಲಿ ಬಸ್ಸು ಬದಲಿಸಿದರೆ ಅರ್ಧ ದಿನದ ಕೆಲಸ. ಹೋದರೆ ಅಲ್ಲಿ ಯಾರ ಮಗಳು ಎಂದು ಕೇಳುತ್ತಾರೆ, ಸುಳ್ಳು ಬಯಲಾಗುತ್ತದೆ — ಅದಕ್ಕೇ ಹೋಗಲಿಲ್ಲ.

ಅವತ್ತಿನ ಫೋಟೋಗಳು ಚೆನ್ನಾಗಿದ್ದವು, ಆದರೆ ಸ್ಪರ್ಧೆ ಗೆಲ್ಲುವಂಥವಲ್ಲ. ಪಂಚಮಿಗೆ ವಾರವಿದ್ದಾಗ ಮತ್ತೆ ಹೋದೆ. ಹನುಮಕ್ಕ ಬೇಲಿಗೆ ಒರಗಿ ಕೂತಿದ್ದಳು. ಈ ಸಲ ನಾನು ಕ್ಯಾಮೆರಾ ತೆಗೆದರೂ ಆಕೆ ಅದನ್ನು ನೋಡಲೇ ಇಲ್ಲ. ನನ್ನ ಬಾಯಿಯನ್ನೇ ನೋಡಿದಳು.

“ಹೇಳಿದೇನು?”

“ಹೇಳ್ದೆ.”

“ಏನಂದ?”

ಹೋಗಲಾಗಲಿಲ್ಲ ಅನ್ನಬಹುದಿತ್ತು. ಮೂರು ಸೆಕೆಂಡಿನ ನಾಚಿಕೆ, ಅಷ್ಟೇ. ನಾನು — ಬಿ.ಎ. ಓದಿದವಳು, ನನಗೂ ಒಂದು ತವರಿರುವ ಹೆಣ್ಣು — ಅಂದೆ:

“ನೋಡೋಣ ಅಂದ್ರು.”

ನಮ್ಮಲ್ಲಿ ‘ನೋಡೋಣ’ ಅಂದರೆ ಏನು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹನುಮಕ್ಕನ ಕಣ್ಣು ಎಲ್ಲೋ ದೂರ ಹೋಯಿತು. ನನ್ನ ಬೆರಳು ಗುಂಡಿ ಒತ್ತಿತು. ಬೆರಳು ಅಂತ ಯಾಕೆ ಬರೆಯಲಿ — ನಾನು ಒತ್ತಿದೆ. ಬೆಳಕು ಚೆನ್ನಾಗಿದೆ ಎಂದು ಕೂಡ ಆ ಗಳಿಗೆಯಲ್ಲಿ ಯೋಚಿಸಿದೆ.

ಬಹುಮಾನ ಬಂತು. ಫೋಟೋ ದೊಡ್ಡದು ಮಾಡಿಸಿ ಸ್ಟುಡಿಯೋದ ಗೋಡೆಗೆ ಹಾಕಿದೆ. ಆಮೇಲೆ ಅದನ್ನು ಹೊಗಳಿದವರ ಮೇಲೆಲ್ಲ ನನಗೆ ಅನುಮಾನ. ಇವರಿಗೆ ಗೊತ್ತಿರಬಹುದೇ? ಸೊರಬದ ಕಡೆಯ ಗಿರಾಕಿ ಬಂದರೆ ಊರು ಕೇಳುವುದನ್ನೇ ಬಿಟ್ಟೆ.

ಈ ವರ್ಷ ಹನುಮಕ್ಕನ ಗಂಡ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದ. ಗೋಡೆಯ ಕಡೆ ನೋಡಿ ಅಂದ, “ಅವತ್ತು ನೀ ತಂದ ಮಾತು ಆಕಿ ಇನ್ನಾ ಮರೆತಿಲ್ಲ ತಂಗಿ. ಮೊನ್ನೆ ಕೆರಿಯಪ್ಪನ ಮಗ ಲಗ್ನಪತ್ರಿಕೆ ತಗಂಡು ಬಂದಿದ್ದ, ಅವನ ತಂಗಿ ಮದುವಿ. ಪಾಪ, ಹುಡುಗಗ ಕುಂದ್ರು ಅಂತಾನೂ ಅನ್ನಲಿಲ್ಲ ಈಕಿ. ‘ನೋಡೋಣ ಅಂದಾಳೆ ಅಂತ ನಿಮ್ಮಪ್ಪಗ ಹೇಳು’ ಅಂತ ಬಾಗಿಲಾಗೇ ಕಳಿಸಿದ್ಲು.”

ಮಾರನೆಯ ದಿನ ಅಂಗಡಿ ಮುಚ್ಚಿ ಹಟ್ಟಿಗೆ ಹೋದೆ. ಅವತ್ತು ನಾನು ಕುಪ್ಪಗಡ್ಡೆಗೆ ಹೋಗಿಯೇ ಇರಲಿಲ್ಲ, ನಿಮ್ಮ ತಮ್ಮ ಆ ಮಾತು ಆಡಲೇ ಇಲ್ಲ ಅಂದೆ. ಹನುಮಕ್ಕ ನನ್ನನ್ನು ನೋಡಿ ನಕ್ಕಳು, ಒಳ್ಳೆಯ ನಗುವಲ್ಲ.

“ಮದುವಿಗೆ ನನ್ನ ಒಪ್ಪಸಾಕ ಕಳಿಸ್ಯಾನೇನು ನಿನ್ನ? ನಿಮ್ಮೂರಾವ ನೋಡು, ಅವನ ಪರ ಮಾತಾಡ್ತಿ.”

“ಅದು ನಮ್ಮೂರಲ್ಲವ್ವಾ. ನಮ್ಮವ್ವ ಆ ಊರು ಕಂಡೂ ಇಲ್ಲ.”

ಗಂಡ ಎದ್ದು ಬಂದ. “ಅಂದ್ರೆ ಅವತ್ತಿಂದು ಸುಳ್ಳು. ಇವತ್ತಿಂದು ಖರೆ ಅಂತ ಹೆಂಗ ನಂಬಾದು?”

ಹನುಮಕ್ಕ ಎದ್ದು ಕುರಿಗಳ ಕಡೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ನೇರ ಬಸ್ಸು ಹತ್ತಿದೆ. ಕುಪ್ಪಗಡ್ಡೆಯಲ್ಲಿ ಕೆರಿಯಪ್ಪ ಮದುವೆಗೆ ಮನೆಗೆ ಸುಣ್ಣ ಹೊಡೆಯುತ್ತಿದ್ದ. ಯಾರು, ಎಂತಕ್ಕೆ ಬಂದಿದ್ದು ಎಂದು ಕೇಳಿದ. ನನ್ನ ಊರು, ನಮ್ಮಪ್ಪನ ಹೆಸರು ಹೇಳಿದೆ — ನಿಜವಾದದ್ದು. ಆಮೇಲೆ ಅವನ ಅಕ್ಕ ಹೇಳಿ ಕಳಿಸಿದ್ದನ್ನು ಹೇಳಿದೆ, ನಾನು ಅವನ ಹೆಸರಿನಲ್ಲಿ ಆಡಿದ್ದನ್ನೂ ಹೇಳಿದೆ. ಅವನ ದವಡೆ ಬಿಗಿಯಿತು.

“ನಾಲ್ಕು ಪಂಚಮಿ,” ಅಂದ. “ಅವಳು ಒಂದು ಮಾತು ಕಳಿಸ್ತಾಳೆ ಅಂತ ನಾಲ್ಕು ಪಂಚಮಿ ದಾರಿ ನೋಡಿದೀನಿ ಮಾರಾಯ್ತಿ.”

ಅವನು ಕೈಗೆ ಮೆತ್ತಿದ ಸುಣ್ಣವನ್ನು ಪಂಚೆಗೆ ಒರೆಸಿಕೊಂಡ.

“ನಾಳೆ ನಾನೇ ಹೋಗ್ತೆ ಕರೆಯೂಕೆ. ಬರ್ತಾಳಾ?”

ಬರ್ತಾರೆ ಅಂದಿದ್ದರೆ ಆ ಮುಖ ಸಡಿಲವಾಗುತ್ತಿತ್ತು. ಹೇಗೆ ಅನ್ನಬೇಕು, ಯಾವ ದನಿಯಲ್ಲಿ ಅನ್ನಬೇಕು — ನನಗೆ ಚೆನ್ನಾಗಿ ಗೊತ್ತು.

“ಗೊತ್ತಿಲ್ಲ,” ಅಂದೆ.