ಕುಂಟುವ ಕೋಳಿ, ಕಬ್ಬಿಣದ ಗೂಡು

ಲೋಕಲ್ ಟ್ರೇನಿನ ಲಗೇಜ್ ಡಬ್ಬಿಯಲ್ಲಿ ಕೋಳಿ ಹಿಡಿದುಕೊಂಡು ನಿಂತಿದ್ದೀರಾ? ನಾನು ನಿಂತಿದ್ದೆ. ಡೊಂಬಿವಲಿಯಿಂದ ಕಲ್ಯಾಣಕ್ಕೆ. ತರಕಾರಿ ಚೀಲದಿಂದ ತಲೆ ಹೊರಗೆ ಹಾಕಿ ಅದು ಠಾಕುರ್ಲಿ ಸ್ಟೇಶನ್ ನೋಡುತ್ತಿತ್ತು.

ಮೀನಿನ ಬುಟ್ಟಿಯ ಮೇಲೆ ಕೈ ಊರಿದ್ದ ಹೆಂಗಸು ಮರಾಠಿಯಲ್ಲಿ ಕೇಳಿದಳು, ‘ಕಾಯ್ ಭಾವು, ರವಿವಾರ್‌ಚಿ ತಯಾರಿ?’

‘ನಾಹೀ ತಾಈ, ದವಾಖಾನೆಗೆ’ ಎಂದೆ.

ಡಬ್ಬಿಗೆ ಡಬ್ಬಿಯೇ ನಕ್ಕಿತು. ನಗಲಿ ಬಿಡಿ.

ಕೋಳಿಯ ಹೆಸರು ಚುಕ್ಕಿ. ನನ್ನ ಹೆಂಡತಿ ಮಹಾದೇವಿ ಇಂಡಿ ಕಡೆಯ ತನ್ನ ತವರಿಂದ ತಂದದ್ದು, ಅವಳವ್ವ ಕೈಯಾರೆ ಕೊಟ್ಟದ್ದು. ನಮ್ಮ ಖೋಲಿಯ ಹಿಂದಿನ ತುಂಡು ಜಾಗದಲ್ಲಿ ಸಾಕುತ್ತೇವೆ. ಅದು ಕುಂಟತೊಡಗಿತು. ಎತ್ತಿ ನೋಡಿದರೆ ಅಂಗಾಲು ಊದಿದೆ, ನಡುವೆ ಕರೀ ಹಕ್ಕಳೆ.

ಪಕ್ಕದ ಖೋಲಿಯ ಶೆಟ್ಟರು ಇಣುಕಿದರು. ಉಡುಪಿ ಕಡೆಯವರು, ಕ್ಯಾಂಟೀನ್ ಅಡುಗೆಯವರು. ‘ಇದಕ್ಕೆಲ್ಲ ಮದ್ದು ಎಂತಕೆ ಮಾರಾಯ್ರೆ? ಆದಿತ್ಯವಾರ ನಿಮ್ಮ ಭಾವಮೈದ ಬರ್ತಾನಲ್ಲ, ಸುಕ್ಕ ಮಾಡುವ. ತೆಂಗಿನಕಾಯಿ ನಾನೇ ತರ್ತೇನೆ.’

ಅವರ ಮಾತಿನಲ್ಲಿ ತಪ್ಪಿಲ್ಲ. ತವರಿನವರು ಬಂದರೆ ನಮ್ಮಲ್ಲೂ ಕೋಳಿ ಕೊಯ್ಯಲೇಬೇಕು. ಆದರೆ ಮಹಾದೇವಿ ಚುಕ್ಕಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

‘ಅವ್ವ ಕೊಟ್ಟ ಕೋಳಿ ತಮ್ಮಗ ಕೊಯ್ದು ಹಾಕ್ಲೇನ್ರಿ?’

ನನಗೆ ಅಷ್ಟು ಸಾಕಿತ್ತು. ಶಾಲೆಯನ್ನು ಅರ್ಧಕ್ಕೇ ಬಿಟ್ಟವನು ನಾನು, ಹಿಡಿದ ಕೆಲಸವನ್ನು ಬಿಟ್ಟವನಲ್ಲ. ಈ ಕೋಳಿ ನಡೆಯಲೇಬೇಕು.

ಕಲ್ಯಾಣದ ಡಾಕ್ಟರಮ್ಮ ಕಾಲು ಒತ್ತಿ ನೋಡಿದರು. ಸೋಂಕು ಎಲುಬಿನವರೆಗೆ ಇಳಿದಿಲ್ಲ, ಉಳಿಯುತ್ತದೆ ಎಂದರು. ‘ಬ್ಲೇಡ್ ಹಿಡಿದು ನೀವೇ ಕೊಯ್ಯಲು ಹೋಗಬೇಡಿ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲು ನೆನೆಸಿ, ಒರೆಸಿ, ಅಯೋಡಿನ್ ಮುಲಾಮು ಹಚ್ಚಿ, ಪಟ್ಟಿ ಕಟ್ಟಿ. ಗೂಡಿನ ನೆಲ ಒಣಗಿರಲಿ. ಔಷಧ ಮುಗಿದ ಮೇಲೂ ನಾನು ಹೇಳುವ ತನಕ ಇದರ ಮೊಟ್ಟೆಯನ್ನಾಗಲಿ ಮಾಂಸವನ್ನಾಗಲಿ ತಿನ್ನಬಾರದು.’

‘ಹಾಗಾದ್ರೆ ಸುಕ್ಕ ಕ್ಯಾನ್ಸಲ್ಲಾ?’ ಮನೆಗೆ ಬಂದು ಇದನ್ನು ಹೇಳಿದಾಗ ಶೆಟ್ಟರ ಮುಖ ನೋಡಬೇಕಿತ್ತು.

‘ಕ್ಯಾನ್ಸಲ್.’

ದಿನಾ ಡ್ಯೂಟಿಗೆ ಹೊರಡುವ ಮುಂಚೆ ಇದೇ ಕೆಲಸ. ಚುಕ್ಕಿಯನ್ನು ಟವೆಲ್‌ನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುವುದು. (ಕಣ್ಣು ಮುಚ್ಚಿದರೆ ಕೋಳಿ ಸುಮ್ಮನಿರುತ್ತದೆ, ನೆನಪಿಡಿ.) ಕಾಲನ್ನು ಮಗ್ಗಿನಲ್ಲಿ ಮುಳುಗಿಸುವುದು. ಆಮೇಲೆ ಬೆರಳುಗಳ ಸಂದಿಯಲ್ಲಿ ಹಾಯಿಸಿ ಪಟ್ಟಿ ಸುತ್ತುವುದು. ಸಡಿಲಾದರೆ ಜಾರುತ್ತದೆ, ಬಿಗಿಯಾದರೆ ಬೆರಳು ತಣ್ಣಗಾಗುತ್ತದೆ. ಎಂಐಡಿಸಿಯ ಕಾರ್ಖಾನೆಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬೆಸೆಯುವ ಕೈ ಇದು. ಇಷ್ಟು ನಾಜೂಕಿನ ಕೆಲಸ ಎಂದೂ ಮಾಡಿರಲಿಲ್ಲ.

ಆದರೂ ಬೆಳಗಾದರೆ ಪಟ್ಟಿ ಚಿಂದಿ! ಹಕ್ಕಳೆಯಲ್ಲಿ ಮತ್ತೆ ರಕ್ತ.

‘ಕೊಕ್ಕಿನಿಂದ ಕಿತ್ಕೋತಿಯೇನ, ಹಲ್ಕಟ್?’ ಎಂದು ಬೈದೆ. ಇನ್ನೂ ದಪ್ಪಗೆ ಸುತ್ತಿದೆ. ಮರುದಿನ ಅದೇ ಕತೆ.

ಒಂದು ಬೆಳಿಗ್ಗೆ ಗೂಡಿನ ಹಸಿ ಮರದಪುಡಿ ಬದಲಿಸಲು ತಲೆ ಒಳಗೆ ಹಾಕಿದೆ. ಗೂಡು ನನ್ನದೇ ಕೈಕೆಲಸ. ಸ್ಕ್ರ್ಯಾಪ್ ಆಂಗಲ್, ಅಂದರೆ ಎಲ್ ಆಕಾರದ ಕಬ್ಬಿಣ, ತಂದು ವೆಲ್ಡ್ ಮಾಡಿದ್ದು. ಆನೆ ಒರಗಿದರೂ ಅಲುಗಾಡದು. ಬಂದವರಿಗೆಲ್ಲ ಕರೆದು ತೋರಿಸಿದ್ದೆ. ಕೋಳಿ ಮಲಗಲು ಹತ್ತಿ ಕೂರುವ ಅಡ್ಡಪಟ್ಟಿಯೂ ಅದೇ ಆಂಗಲ್.

ಅದರ ಅಂಚಿನ ತುಂಬ ಬಿಳಿ ದಾರ. ನಾನು ಕಟ್ಟಿದ ಪಟ್ಟಿಯದೇ ದಾರ.

ಬೆರಳು ಎಳೆದೆ. ಚುರ್ ಅಂತು, ರಕ್ತ.

ಕತ್ತರಿಸಿದ ಕಬ್ಬಿಣದ ಅಂಚಿಗೆ ಸಣ್ಣ ಮುಳ್ಳು ಏಳುತ್ತದೆ. ಬರ್ ಅನ್ನುತ್ತೇವೆ. ಕಂಪನಿಯಲ್ಲಿ ಅದನ್ನು ಗ್ರೈಂಡರ್‌ನಿಂದ ಉಜ್ಜದೆ ನಾನು ಒಂದು ಮಾಲನ್ನೂ ಕೈ ಬಿಡುವುದಿಲ್ಲ. ಸೂಪರ್‌ವೈಸರ್ ಬೆರಳು ಎಳೆದು ನೋಡುತ್ತಾನೆ. ಮನೆಯ ಗೂಡಿಗೆ ಬೆರಳು ಎಳೆಯುವವರು ಯಾರು? ಕೋಳಿಗೆ ಇಷ್ಟು ಸಾಕು ಅಂದುಕೊಂಡಿದ್ದೆ.

ಸಂಜೆ ಬಂದವನೇ ಗ್ರೈಂಡರ್ ಹಿಡಿದೆ. ನನ್ನದೇ ವೆಲ್ಡಿಂಗ್ ಕೊಯ್ಯುವುದು ಸುಲಭವಲ್ಲ, ಅಷ್ಟು ಗಟ್ಟಿ ಮಾಡಿದ್ದೆ! ಆಂಗಲ್ ತೆಗೆದು, ಹಳೇ ಸಲಿಕೆಯ ಮರದ ಕಾವು ಕೂರಿಸಿದೆ. ದುಂಡಗೆ, ನುಣ್ಣಗೆ. ಇಳಿಯುವಾಗ ಕಾಲಿಗೆ ಪೆಟ್ಟಾಗದಂತೆ ನೆಲದ ಹತ್ತಿರಕ್ಕೆ.

ಬೆಳಿಗ್ಗೆ ಪಟ್ಟಿ ಹೇಗಿತ್ತೋ ಹಾಗೇ ಇತ್ತು.

ಭಾನುವಾರ ಭಾವಮೈದ ಬಂದ. ತಾಟು ನೋಡಿದ, ಹಿತ್ತಲು ನೋಡಿದ. ‘ಏನ್ ಮಾವಾ, ಕೋಳಿಗೆ ಕಾಲಾಗ ಬೂಟು, ನನಗ ತಾಟಿನ್ಯಾಗ ಬದನಿಕಾಯಿ?’

‘ನಮ್ಮವ್ವನ ಕೋಳಿಲೇ ಅದು. ಸುಮ್ನ ಉಣ್ಣು’ ಎಂದಳು ಮಹಾದೇವಿ. ಬಹಳ ದಿನಕ್ಕೆ ನಕ್ಕಳು.

ಈಗ ಬಾವು ಇಳಿದಿದೆ, ಹಕ್ಕಳೆ ತಾನಾಗಿ ಉದುರಿದೆ. ಚುಕ್ಕಿ ಶೆಟ್ಟರ ಬಾಗಿಲವರೆಗೂ ನೆಟ್ಟಗೆ ನಡೆದು ಬರುತ್ತದೆ.

ಇದನ್ನು ಬರೆಯುತ್ತ ಕೂತಾಗ ಅಡುಗೆಮನೆಯ ಸ್ಟೂಲ್ ಕಣ್ಣಿಗೆ ಬಿತ್ತು. ಅದೂ ನಾನೇ ವೆಲ್ಡ್ ಮಾಡಿದ್ದು. ಎದ್ದು ಅಂಚಿಗೆ ಬೆರಳು ಎಳೆದೆ. ಮಹಾದೇವಿಯ ಸೀರೆಯ ದಾರ ಸಿಕ್ಕಿತು. ಎಷ್ಟು ಕಾಲದಿಂದ ಅದರ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಾಳೋ, ಒಂದು ಮಾತು ಹೇಳಿಲ್ಲ.

ಕೋಳಿಯೇನೋ ಕುಂಟಿ ತೋರಿಸಿತು. ಮನೆಯವರು ಏನು ಮಾಡಿ ತೋರಿಸಬೇಕು?