ಬಾಗಿಲು ತಟ್ಟಿ ಒಳಗೆ ಬರುವ ಜಾಮಕ್ಕ

ಈ ಪ್ರಿಂಟಿಂಗ್ ಅಂಗಡಿಯವರು ಎಲ್ಲದರ ಬೆಲೆಯನ್ನೂ ಕಾಗದದಲ್ಲೇ ಹೇಳುತ್ತಾರೆ. ಮೊಣಕಾಲಿಗೆ ಹಾಕಿಸುವ ಒಂದು ಇಂಜೆಕ್ಷನ್ನಿಗೆ ಆರು ರೀಮ್ ಬಿಳಿ ಹಾಳೆ; ರೀಮ್ ಎಂದರೆ ಐನೂರು ಹಾಳೆಯ ಕಟ್ಟು. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಬಾಡಿಗೆ ಗಾಡಿಯಲ್ಲಿ ಹೋಗಿಬಂದರೆ ಅರ್ಧ ರೀಮ್. ಯಂತ್ರ ಕೆಟ್ಟಿತೆಂದು ಕಂಪನಿಯ ಮೆಕ್ಯಾನಿಕ್ಕನನ್ನು ಕರೆಸಿದರೆ, ಅವನು ಬಂದು "ಪ್ಲಗ್ ಸರಿಯಾಗಿ ಹಾಕಿಲ್ಲ" ಎಂದು ಹೇಳಿದ್ದಕ್ಕೇ ಹತ್ತು ರೀಮ್. ಆದರೆ ಕುಳಿತಲ್ಲಿಂದಲೇ ಬೇರೆ ಅಂಗಡಿಯ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರಿಗೆ ತಿಂಗಳಿಗೆ ಎಷ್ಟು ರೀಮ್ ಬೀಳುತ್ತದೆ ಎಂಬುದು ಮೊನ್ನೆ ಮೊನ್ನೆಯವರೆಗೆ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಲೆಕ್ಕ ಹಾಕಿದವರು ಜಾಮಕ್ಕ. ಹಾಕದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಲೆಕ್ಕ ತಪ್ಪಿದ್ದರೆ ಹೋಗುತ್ತಿದ್ದದ್ದು ಅವರ ಕೆಲಸವೇ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಾಮಕ್ಕ ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದಾರೆ. ಬಲಗಾಲು ಎದುರಿನ ಸ್ಟೂಲಿನ ಮೇಲೆ, ಮೊಣಕಾಲಿನ ಮೇಲೆ ಬಿಸಿನೀರಿನ ಚೀಲ, ಮುಂದೆ ಒಂದು ಹಳೆಯ ಲ್ಯಾಪ್‌ಟಾಪ್. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಂದು ಬಟನ್ ಒತ್ತುತ್ತಾರೆ.

"ಏಳಿ ದೊಡ್ಡಪ್ಪ, ಬೆಳಗಾಯ್ತು."

ಅದೇ ಹೊತ್ತಿಗೆ ಆಸ್ಪತ್ರೆಯ ಎದುರಿನ ನೆಲಮಾಳಿಗೆಯಲ್ಲಿ, ಬೀಗ ಹಾಕಿದ ಅಂಗಡಿಯ ಕತ್ತಲೆಯಲ್ಲಿ, ಆನೆಗಾತ್ರದ ಒಂದು ಪ್ರಿಂಟಿಂಗ್ ಯಂತ್ರ ಗೊರಗೊರ ಎಂದು ಎದ್ದು ಮೈ ಬಿಸಿ ಮಾಡಿಕೊಳ್ಳಲು ಶುರುಮಾಡುತ್ತದೆ. ಈ ಕಡೆ ಒಲೆಯ ಮುಂದೆ ಚಹಾ ಸೋಸುತ್ತಿರುವ ಗಂಡ ತಿರುಗಿ ನೋಡುತ್ತಾರೆ.

"ನನ್ನನ್ನ ಒಂದಿನಾನೂ ಇಷ್ಟು ನಯವಾಗಿ ಎಬ್ಬಿಸಿಲ್ಲ ನೀನು."

"ನಿಮ್ಮ ಬಟನ್ ಎಲ್ಲಿದೆ ಅಂತ ನನಗಿನ್ನೂ ಗೊತ್ತಾಗಿಲ್ಲ ಕಣ್ರೀ," ಎನ್ನುತ್ತಾರೆ ಜಾಮಕ್ಕ, ತಲೆ ಎತ್ತದೆ.

ದೊಡ್ಡಪ್ಪ ಯಾರೆಂದು ಹೇಳಿಬಿಡಬೇಕು. ಒಬ್ಬರೇ ಮಾಲೀಕರ ಮೂರು ಅಂಗಡಿಗಳಿವು: ಪೇಟೆಬೀದಿಯಲ್ಲಿ ಒಂದು, ಆಸ್ಪತ್ರೆ ಎದುರು ಒಂದು, ಕಾಲೇಜಿನ ಪಕ್ಕ ಒಂದು. ಮೂರರಲ್ಲೂ ಯಂತ್ರಗಳನ್ನು ಕಂಪನಿಯ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಎಲ್ಲಕ್ಕಿಂತ ಹಳೆಯದು, ದಪ್ಪನೆಯದು ಯಾವುದೋ ಅದು ದೊಡ್ಡಪ್ಪ. ಹೆಚ್ಚು ತಿನ್ನುತ್ತದೆ, ನಿಧಾನ ಏಳುತ್ತದೆ, ಅವಸರ ಮಾಡಿದರೆ ಗೊಣಗುತ್ತದೆ. ಬಣ್ಣದ ಯಂತ್ರಕ್ಕೆ ಅಳಿಯ ಎಂದು ಹೆಸರು, ಉಪಚಾರ ಸ್ವಲ್ಪ ಕಮ್ಮಿಯಾದರೂ ಮುಖ ಸಪ್ಪೆಯಾಗುತ್ತದೆ. ಕಾಗದ ಕತ್ತರಿಸುವ ಯಂತ್ರಕ್ಕೆ ಮಾತ್ರ ಯಾವ ನೆಂಟರ ಹೆಸರೂ ಇಲ್ಲ. "ಇಟ್ರೆ ಮನೇಲಿ ಜಗಳ ಆಗುತ್ತೆ" ಎಂದು ಮಾಲೀಕರು ಬಿಟ್ಟಿದ್ದಾರೆ.

ಜಾಮಕ್ಕ ಇಲ್ಲಿಗೆ ಹುಡುಗಿಯಾಗಿದ್ದಾಗ ಹಾಳೆ ಮಡಿಸುವ ಕೆಲಸಕ್ಕೆ ಬಂದವರು. ಒಮ್ಮೆ ಯಂತ್ರದ ಹೊಟ್ಟೆಯಲ್ಲಿ ಕಾಗದ ಸಿಕ್ಕಿಕೊಂಡು ಯಾರ ಕೈಗೂ ಎಟುಕಲಿಲ್ಲ. ಇವರು ಬಳೆ ತೆಗೆದಿಟ್ಟು ಕೈ ಹಾಕಿ, ಹರಿಯದಂತೆ ಎಳೆದರು. "ಕೈ ಸಣ್ಣಗಿತ್ತು. ಅದೇ ನನ್ನ ಡಿಗ್ರಿ," ಎನ್ನುತ್ತಾರೆ. ಪೇಪರ್ ಜಾಮ್ ಬಿಡಿಸುವ ಅಕ್ಕ ಅಂದಿನಿಂದ ಜಾಮಕ್ಕ ಆದರು. ಅವರ ನಿಜವಾದ ಹೆಸರು ಬರೆದು ಬಂದ ಮದುವೆಯ ಕರೆಯೋಲೆಯನ್ನು ಒಮ್ಮೆ "ಇಂಥವರು ಇಲ್ಲಿಲ್ಲ" ಎಂದು ಅಂಗಡಿಯವರೇ ವಾಪಸ್ ಕಳಿಸಿದ್ದಾರೆ.

ಕೈ ಹೆಸರು ತಂದಿತು, ಕಾಲು ಕೈಕೊಟ್ಟಿತು. ಆಸ್ಪತ್ರೆ ಅಂಗಡಿಗೆ ಮೆಟ್ಟಿಲಿಳಿಯಬೇಕು, ಕಾಲೇಜು ಅಂಗಡಿಗೆ ಲಿಫ್ಟಿಲ್ಲದ ಮೂರು ಮಹಡಿ ಹತ್ತಬೇಕು. ಯಾವ ಯಂತ್ರ ಎಲ್ಲಿ ಮೊಂಡು ಹಿಡಿದರೂ ಫೋನು ಬರುವುದು ಇವರಿಗೆ. ಇಷ್ಟು ವರ್ಷ ಓಡಿದ್ದಾಯಿತು. ಕೊನೆಗೆ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, "ಇನ್ನು ಮೆಟ್ಟಿಲು ಹತ್ತಿದರೆ ಕೋಲು ಹಿಡಿಯೋದು ಗ್ಯಾರಂಟಿ" ಎಂದುಬಿಟ್ಟರು.

ಮಾಲೀಕರು ಕೆಟ್ಟವರಲ್ಲ. ತಲೆ ಕೆರೆದುಕೊಂಡೇ ಹೇಳಿದರು: "ಜಾಮಕ್ಕ, ಮೂರು ಅಂಗಡಿ ನೋಡೋಕೆ ಒಬ್ಬರು ಬೇಕೇ ಬೇಕು. ನಿಮ್ಮ ಕೈಲಾಗಲ್ಲ ಅಂದ್ರೆ ಓಡೋರನ್ನ ಇಟ್ಕೋಬೇಕಾಗುತ್ತೆ. ಇಲ್ಲ, ಓಡದೆ ನಡೆಯೋ ಥರ ಏನಾದ್ರೂ ಮಾಡಿ ತೋರಿಸಿ. ಈ ತಿಂಗಳು ನೋಡ್ತೀನಿ. ಆಗದಿದ್ರೆ ಬೇಜಾರಿಲ್ಲ, ಕೂತು ಲಕೋಟೆ ಅಂಟಿಸೋ ಕೆಲಸ ಇದ್ದೇ ಇದೆ."

"ಯಂತ್ರದ ಕರುಳಿಗೆ ಕೈ ಹಾಕಿದೋಳು ಲಕೋಟೆಗೆ ಗೋಂದು ಹಚ್ಕೊಂಡು ಕೂರೋದಾ?" ಎಂದು ಜಾಮಕ್ಕ ಆ ದಿನ ಮನೆಗೆ ಬಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದರಂತೆ.

ದಾರಿ ಹೊಳೆದದ್ದು ಮೆಕ್ಯಾನಿಕ್ಕನಿಂದ. ಒಮ್ಮೆ ಅವನು ಬರದೆ, ತನ್ನ ಆಫೀಸಿನಿಂದಲೇ ಕಂಪ್ಯೂಟರ್ ಸರಿ ಮಾಡಿದ್ದ. ಪರದೆಯ ಮೇಲೆ ಬಾಣ ತಾನಾಗಿಯೇ ಓಡಾಡಿದ್ದನ್ನು ಜಾಮಕ್ಕ ಕಣ್ಣು ಮಿಟುಕಿಸದೆ ನೋಡಿದ್ದರು. ಬರದಿದ್ದರೂ ಹತ್ತು ರೀಮಿನ ಬಿಲ್ಲು ಬಂದಿತ್ತು. "ಬರದೇ ಇದ್ದದ್ದಕ್ಕೂ ದುಡ್ಡು ತಗೋಬಹುದು ಅಂತ ಅವತ್ತು ಗೊತ್ತಾಯ್ತು. ನಾನೂ ಬರಬಾರದು ಅಂತ ತೀರ್ಮಾನ ಮಾಡಿದೆ."

ಮೊದಲು ಹಿಡಿದದ್ದು ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಕಾಲೇಜು ಅಂಗಡಿಯಲ್ಲಿ ಯಾರದೋ ದಪ್ಪ ಪ್ರಬಂಧ ಅಚ್ಚಾಗುತ್ತಿರುವಾಗ, ನಡುವೆ ಒಂದು ಚೌಕ ಎದ್ದು ನಿಂತಿತು: ನೀವು ಇದನ್ನು ವ್ಯಾಪಾರಕ್ಕೆ ಬಳಸುತ್ತಿರುವಂತೆ ಕಾಣುತ್ತದೆ. "ಕಾಣೋದೇನು, ಬೋರ್ಡೇ ಹಾಕಿದ್ದೀವಲ್ಲ!" ಎಂದರು ಜಾಮಕ್ಕ. ಸಾಫ್ಟ್‌ವೇರ್ ಕೇಳಲಿಲ್ಲ, ಬಾಗಿಲು ಹಾಕಿಕೊಂಡಿತು. ಆಟಕ್ಕೆ ಬಳಸುತ್ತಿದ್ದೇವೆ ಎಂದು ಬರೆದುಬಿಡಿ ಎಂದು ಮಾಲೀಕರು ಉಪಾಯ ಹೇಳಿದರು. ಜಾಮಕ್ಕ ಒಪ್ಪಲಿಲ್ಲ. "ಸುಳ್ಳು ಹೇಳಿ ಒಳಗೆ ಹೋದ್ರೆ, ಅರ್ಧಕ್ಕೆ ಹೊರಗೆ ಹಾಕಿದಾಗ ಜಗಳ ಆಡೋಕೂ ಬಾಯಿ ಇರಲ್ಲ."

ಎರಡನೆಯದು ಸೂಟುಬೂಟಿನದು. ಯಂತ್ರ ಎಣಿಸಿ ದುಡ್ಡು ಕೇಳುತ್ತದೆ, ತಿಂಗಳಿಗೆ ಮೂವತ್ತು ರೀಮ್. ಆದರೆ ಯಾರ ಕಂಪ್ಯೂಟರಿನಲ್ಲಿ ಎಷ್ಟು ಹೊತ್ತು ಏನು ನಡೆಯಿತು ಎಂದು ದಿನವೂ ವರದಿ ಕೊಡುತ್ತದೆ. ಮಾಲೀಕರಿಗೆ ಇದು ಎಲ್ಲಿಲ್ಲದಷ್ಟು ಇಷ್ಟವಾಯಿತು, ಮೊದಲ ವರದಿ ಬರುವ ತನಕ. ಮೂರು ಅಂಗಡಿಗಳಲ್ಲಿ ಅತಿ ಹೆಚ್ಚು ಹೊತ್ತು ಇಸ್ಪೀಟಾಟ ನಡೆದದ್ದು ಪೇಟೆಬೀದಿಯ ಗಲ್ಲಾಪೆಟ್ಟಿಗೆಯ ಕಂಪ್ಯೂಟರಿನಲ್ಲಿ ಎಂದು ಅದು ಬಣ್ಣದ ಚಿತ್ರ ಬಿಡಿಸಿ ತೋರಿಸಿತು. ಆ ಕುರ್ಚಿಯಲ್ಲಿ ಮಾಲೀಕರಲ್ಲದೆ ಬೇರೆ ಯಾರೂ ಕೂರುವುದಿಲ್ಲ. "ಈ ವರದಿ ಗಿರದಿ ಎಲ್ಲ ನಮಗೆ ದುಬಾರಿ," ಎಂದು ಅವರು ಮೆಲ್ಲಗೆ ಮಾತು ತಿರುಗಿಸಿದರು.

ಅದಕ್ಕೂ ಮೊದಲೇ ಚಿಕ್ಕಮ್ಮ ತಿರುಗಿಬಿದ್ದಿದ್ದರು. ಚಿಕ್ಕಮ್ಮ ಎಂದರೆ ಮಾಲೀಕರ ಹೆಂಡತಿಯ ತಂಗಿ. ಆಸ್ಪತ್ರೆ ಅಂಗಡಿ ನಡೆಸುವವರು, ಅಲ್ಲಿ ಎಲ್ಲರಿಗೂ ಚಿಕ್ಕಮ್ಮ. ಒಂದು ಮಧ್ಯಾಹ್ನ ಅವರ ಪರದೆಯ ಬಾಣ ತಾನೇ ಓಡಾಡಲು ಶುರುವಾಯಿತು. ಚಿಕ್ಕಮ್ಮ ಮೌಸನ್ನು ಕೊಡವಿದರು, ಸೆರಗಿನಿಂದ ಒರೆಸಿದರು, ಕೊನೆಗೆ ತಂತಿಯನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಬಾಣ ಆಗಲೂ ಓಡುತ್ತಲೇ ಇತ್ತು. ಅಷ್ಟರಲ್ಲಿ ಫೋನು ಬಂತು.

"ಹೆದರಬೇಡಿ ಚಿಕ್ಕಮ್ಮ, ಅದು ನಾನೇ."

"ನೀವೇನು ಗಾಳೀನಾ ಜಾಮಕ್ಕ, ಸಂದೀಲಿ ತೂರಿ ಬರೋಕೆ? ನಾನಿಲ್ಲಿ ಅಕ್ಕನಿಗೆ ಭಾವನ ಮೇಲೆ ಚಾಡಿ ಬರೀತಾ ಕೂತಿದ್ದೆ!"

"ಓದಿಲ್ಲ ಬಿಡಿ."

"ಓದಿಲ್ಲ ಅಂದ ಮೇಲೆ ಓದಿದ್ದೀರಿ ಅಂತಲೇ ಅರ್ಥ. ನೋಡಿ, ಬರೋರು ಬಾಗಿಲು ತಟ್ಟಿ ಬರಬೇಕು. ಇಲ್ಲಾಂದ್ರೆ ಕಂಪ್ಯೂಟರ್‌ಗೆ ಬಟ್ಟೆ ಮುಚ್ಚಿಡ್ತೀನಿ."

ಜಾಮಕ್ಕನಿಗೆ ಈ ಮಾತು ನಾಟಿತು. ಬೇಕಾದದ್ದು ದೂರದಿಂದ ಕೈಚಾಚುವ ಸಾಫ್ಟ್‌ವೇರ್, ಕಿಂಡಿಯಲ್ಲಿ ಇಣುಕುವುದಲ್ಲ. ಹುಡುಕಿ ಹುಡುಕಿ ಮೂರನೆಯದೊಂದನ್ನು ತಂದರು. ಅಂಗಡಿ ತೆರೆದಿರುವ ಹೊತ್ತಿನಲ್ಲಿ ಇದು ಆ ಕಡೆಯ ಪರದೆಯ ಮೇಲೆ ಕೇಳುತ್ತದೆ, ಅವರು ಒಪ್ಪಿದರೆ ಮಾತ್ರ ಒಳಗೆ ಬಿಡುತ್ತದೆ. ಅಂಗಡಿ ತೆರೆಯುವ ಮುಂಚೆ, ಯಂತ್ರ ಎಬ್ಬಿಸುವ ಹೊತ್ತಿನಲ್ಲಿ, ಗುಪ್ತಪದ ಹಾಕಿ ಸುಮ್ಮನೆ ಹೋಗಬಹುದು. ಹದಿನೈದು ದಿನ ಟ್ರಯಲ್. ತಿಂಗಳು ಮುಗಿಯಲು ಉಳಿದಿದ್ದದ್ದೂ ಅಷ್ಟೇ.

ಎಡವಟ್ಟಾದದ್ದು ಇದರಲ್ಲೇ.

ಕಾಲೇಜಿನ ವಾರ್ಷಿಕ ವರದಿಯ ಮುಖಪುಟ ಅಚ್ಚು ಹಾಕಬೇಕಿತ್ತು, ಅದರ ತುಂಬ ಪ್ರಿನ್ಸಿಪಾಲರ ಭಾವಚಿತ್ರ. ಕಾಲೇಜು ಅಂಗಡಿಯಲ್ಲಿ ಪುಸ್ತಕ ಕಟ್ಟುವ ಬೈಂಡರ್ ಮಾವ (ಇವರು ಯಂತ್ರವಲ್ಲ, ಮನುಷ್ಯರೇ) ದಪ್ಪ ಹಾಳೆ ತುಂಬಿ ಕಾಯುತ್ತಿದ್ದರು. ಜಾಮಕ್ಕ ಮನೆಯಲ್ಲಿ ಪಟ್ಟಿ ತೆರೆದು, ದೊಡ್ಡಪ್ಪ ಎಂಬಲ್ಲಿ ಒತ್ತಿದರು. ಪಟ್ಟಿಯಲ್ಲಿ ಅಂಗಡಿಗೊಬ್ಬರಂತೆ ದೊಡ್ಡಪ್ಪಂದಿರು ಮೂವರಿದ್ದರು. ಇಷ್ಟು ವರ್ಷ ಯಾರೂ ಒಬ್ಬ ದೊಡ್ಡಪ್ಪನನ್ನು ಇನ್ನೊಬ್ಬನ ಪಕ್ಕದಲ್ಲಿ ನೋಡಿದ್ದೇ ಇಲ್ಲ, ಹಾಗಾಗಿ ಮೂವರಿಗೂ ಒಂದೇ ಹೆಸರಿರುವುದು ತೊಡಕಾದೀತು ಎಂದು ಯಾರಿಗೂ ತೋಚಿರಲಿಲ್ಲ. ಚಿಕ್ಕಮ್ಮನ ಪರದೆಯಲ್ಲಿ "ಒಳಗೆ ಬರಲೇ?" ಎಂದು ಬಂತು. ಅವರು ಮರ್ಯಾದೆಯಿಂದ "ಬನ್ನಿ" ಒತ್ತಿದರು. ಆಸ್ಪತ್ರೆಯ ದೊಡ್ಡಪ್ಪನ ಟ್ರೇಯಲ್ಲಿ ಆಗ ಔಷಧಿ ಬಾಟಲಿಗೆ ಅಂಟಿಸುವ ಪುಟ್ಟ ಪುಟ್ಟ ಸ್ಟಿಕ್ಕರುಗಳ ಹಾಳೆ ತುಂಬಿತ್ತು.

"ಜಾಮಕ್ಕ, ಯಾರೋ ಗಂಡಸಿನ ಮುಖ ಬರ್ತಾ ಇದೆ," ಎಂದರು ಚಿಕ್ಕಮ್ಮ ಫೋನಿನಲ್ಲಿ. "ಒಂದು ಸ್ಟಿಕ್ಕರ್‌ನಲ್ಲಿ ಕಿವಿ, ಒಂದರಲ್ಲಿ ಅರ್ಧ ಮೀಸೆ. ಕೆಮ್ಮಿನ ಔಷಧಿಗೆ ಯಾವುದು ಹಾಕಲಿ?"

ಪರದೆಯ ಮೇಲೆ ನಿಲ್ಲಿಸುವ ಬಟನ್ ಜಾಮಕ್ಕನ ಕಣ್ಣೆದುರೇ ಇತ್ತು. ಆದರೆ ಯಂತ್ರ ತಪ್ಪಿತು ಎಂದರೆ ಎದ್ದು ಓಡುವುದು ಅವರ ಮೈಗೆ ಅಂಟಿದ ಅಭ್ಯಾಸ. ಬಿಸಿನೀರಿನ ಚೀಲ ನೆಲಕ್ಕೆ ಬಿತ್ತು. ಚಪ್ಪಲಿ ಸಿಕ್ಕಿಸಿಕೊಂಡು, ಗಾಡಿ ಹಿಡಿದು, ನೆಲಮಾಳಿಗೆಯ ಮೆಟ್ಟಿಲನ್ನು ಎರಡೆರಡಾಗಿ ಇಳಿದು, ಯಂತ್ರದ ಕೆಂಪು ಬಟನ್ ಮೇಲೆ ಕೈಯಿಟ್ಟರು. ಅಷ್ಟರಲ್ಲಿ ಟ್ರೇ ಖಾಲಿಯಾಗಿ ದೊಡ್ಡಪ್ಪ ತಾನಾಗಿಯೇ ಸುಮ್ಮನಾಗಿದ್ದ.

ಚಿಕ್ಕಮ್ಮ ಕೆಂಪು ಬಟನ್ನಿನ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. "ನೀವು ಅಲ್ಲಿಂದಲೇ ನಿಲ್ಲಿಸ್ತೀರಿ ಅಂತ ಮುಟ್ಟಲಿಲ್ಲ," ಎಂದರು.

ಮಾಲೀಕರು ಬಂದರು. ಸ್ಟಿಕ್ಕರ್ ರಾಶಿ ನೋಡಿದರು, ಜಾಮಕ್ಕನ ಊದಿದ ಮೊಣಕಾಲು ನೋಡಿದರು. "ಕೂತು ಕೆಲಸ ಮಾಡೋಕೆ ಅಂತ ಸಾಫ್ಟ್‌ವೇರ್ ತಂದು, ಅದು ತಪ್ಪಿದ್ರೆ ಓಡಿ ಬರ್ತೀರಾ?" ದನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು. "ಇದು ಆಗೋದಲ್ಲ ಬಿಡಿ ಜಾಮಕ್ಕ."

ಅಲ್ಲಿಗೆ ಎಲ್ಲ ಮುಗಿದಂತೆಯೇ ಇತ್ತು. ಮಾತಾಡಿದ್ದು, ಬಟ್ಟೆ ಮುಚ್ಚಿಡುತ್ತೇನೆ ಎಂದಿದ್ದ ಚಿಕ್ಕಮ್ಮ. "ಭಾವ, 'ಬನ್ನಿ' ಅಂತ ಒತ್ತಿದವಳು ನಾನು. ಬಟನ್ ಪಕ್ಕ ನಿಂತು ನೋಡ್ತಿದ್ದೋಳೂ ನಾನು. ಟ್ರಯಲ್ ಮುಗಿಯೋವರೆಗೂ ಬಿಡಿ. ಇವರನ್ನ ಕಳಿಸಿ ಓಡೋರನ್ನ ತಂದ್ರೆ, ಅವರು ಇಲ್ಲಿ ಬಂದ ಮೇಲೆ ಫೋನ್ ಮಾಡೋದು ಇವರಿಗೇ ತಾನೆ?"

ಸ್ಟೂಲಿನ ಮೇಲೆ ಕುಳಿತು ಮೊಣಕಾಲಿಗೆ ಐಸ್ ಹಿಡಿದುಕೊಂಡೇ ಜಾಮಕ್ಕ ಅಂದು ಕಟ್ಟಳೆ ಮಾಡಿದರು. ಪಟ್ಟಿಯಲ್ಲಿ ಇನ್ನು ಪೇಟೆ ದೊಡ್ಡಪ್ಪ, ಆಸ್ಪತ್ರೆ ದೊಡ್ಡಪ್ಪ, ಕಾಲೇಜು ದೊಡ್ಡಪ್ಪ. ತಪ್ಪು ಕಂಡವರು ಯಾರೇ ಇರಲಿ, ಪಕ್ಕದಲ್ಲಿದ್ದರೆ ಕೆಂಪು ಬಟನ್ ಒತ್ತಬೇಕು, ಆಮೇಲೆ ಫೋನು. ಮೊದಲ ಹಾಳೆ ಬಂದ ಕೂಡಲೇ ಫೋನಿನ ಹತ್ತಿರ ಹಿಡಿದು ಪಟಪಟ ಅಲ್ಲಾಡಿಸಬೇಕು. ಸದ್ದಿನಲ್ಲೇ ಹಾಳೆ ದಪ್ಪವೋ ತೆಳುವೋ ಜಾಮಕ್ಕನಿಗೆ ತಿಳಿಯುತ್ತದೆ. "ಒಂದ್ಸಲ ಬೈಂಡರ್ ಮಾವನ ಅಂಗಿ ಕಾಲರು ಫೋನಿಗೆ ಉಜ್ಜಿದ್ದನ್ನೇ ದಪ್ಪ ಆರ್ಟ್ ಪೇಪರ್ ಅಂದಿದ್ದೆ, ಅದು ಬಿಡಿ."

ತಿಂಗಳ ಕೊನೆಯ ದಿನ ಮಾಲೀಕರು ಖುದ್ದಾಗಿ ಜಾಮಕ್ಕನ ಅಡುಗೆಮನೆಗೆ ಬಂದು ಕುಳಿತರು. ಅಂದು ಪರೀಕ್ಷೆಯ ಹಿಂದಿನ ದಿನ, ಕಾಲೇಜು ಅಂಗಡಿಯ ಮೆಟ್ಟಿಲ ತನಕ ಸಾಲು. ಬೈಂಡರ್ ಮಾವನ ಫೋನು ಬಂತು: "ದೊಡ್ಡಪ್ಪ ನಿಂತುಬಿಟ್ರು!"

ಜಾಮಕ್ಕ ಏಳಲೆಂದು ಎರಡೂ ಕೈಯನ್ನು ಮೇಜಿನ ಮೇಲೆ ಊರಿದರು. ಗಂಡ ಬಂದು ಬಿಸಿನೀರಿನ ಚೀಲವನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿದರು. ಜಾಮಕ್ಕ ಕುಳಿತಲ್ಲಿಂದಲೇ ಬಾಗಿಲು ತಟ್ಟಿ ಒಳಗೆ ಹೋದರು.

"ಮಾವ, ಎಡಗಡೆ ಬಾಗಿಲು ತೆಗೀರಿ. ಹಸಿರು ಹಿಡಿಯ ಕೆಳಗೆ ನೋಡಿ. ಸಿಗ್ತಾ?"

"ಮೂಲೆ ಕಾಣ್ತಿದೆ."

"ಎಳೀಬೇಡಿ. ಮಗೂನ ಮೈಯಿಂದ ಹೊದಿಕೆ ತೆಗೆಯೋ ಹಾಗೆ. ನಿಧಾನ... ನಿಧಾನ..."

"ಬಂತು!"

ಜಾಮಕ್ಕ ಇಲ್ಲಿಂದ ಎರಡು ಬಟನ್ ಒತ್ತಿದರು. ಫೋನಿನಲ್ಲಿ ದೊಡ್ಡಪ್ಪ ಗೊಣಗುವುದು ಕೇಳಿಸಿತು, ಆಮೇಲೆ ಹಾಳೆಯ ಪಟಪಟ. ಹಿಂತಿರುಗಿ ನೋಡಿದರೆ ಮಾಲೀಕರ ಕುರ್ಚಿ ಖಾಲಿ. ಅವರು ಬೀದಿಬಾಗಿಲಲ್ಲಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ಕಾಲೇಜಿನ ದಿಕ್ಕಿಗೆ ಓಡಲು ಸಿದ್ಧವಾಗಿ ನಿಂತಿದ್ದರು.

"ಬನ್ನಿ, ಕೂತ್ಕೊಳ್ಳಿ," ಎಂದರು ಜಾಮಕ್ಕ. "ಮೊದಮೊದಲು ಹಾಗೇ ಆಗುತ್ತೆ."

ಅವರು ಚಪ್ಪಲಿ ಬಿಟ್ಟು ಬಂದು ಕುಳಿತರು. ಚಹಾ ಪೂರ್ತಿ ಕುಡಿದ ಮೇಲೆ ಕೇಳಿದರು: "ತಿಂಗಳಿಗೆ ಎಷ್ಟು ರೀಮ್ ಬೀಳುತ್ತೆ ಇದು?"

"ಮೂರಕ್ಕೂ ಸೇರಿ ಏಳು."

"ನಿಮ್ಮ ಇಂಜೆಕ್ಷನ್ನಿಗಿಂತ ಒಂದು ಜಾಸ್ತಿ."

"ಆದ್ರೆ ಇದು ಚುಚ್ಚಲ್ಲ."

ಈಗ ಅದೇ ಸಾಫ್ಟ್‌ವೇರ್ ನಡೆಯುತ್ತಿದೆ. ಪ್ರಿನ್ಸಿಪಾಲರ ಸ್ಟಿಕ್ಕರುಗಳನ್ನು ಬಿಸಾಡಲು ಮಾಲೀಕರಿಗೆ ಮನಸ್ಸಾಗಿಲ್ಲ. ಅಂಗಡಿಯ ಒಳಗಿನ ಕಾಗದದ ಕಟ್ಟುಗಳಿಗೆಲ್ಲ ಅಂಟಿಸುವುದು ಅವನ್ನೇ. ಚಿಕ್ಕಮ್ಮ ತಮ್ಮ ಕಂಪ್ಯೂಟರಿನ ಕ್ಯಾಮೆರಾ ಮೇಲೆ ಒಂದು ಕಿವಿಯನ್ನು ಅಂಟಿಸಿದ್ದಾರೆ. "ತಟ್ಟಿದ್ದು ಕೇಳಿಸ್ಲಿ ಅಂತ," ಎನ್ನುತ್ತಾರೆ.

ಏನಾದರೂ ಆಸೆ ಉಳಿದಿದೆಯೇ ಎಂದರೆ ಜಾಮಕ್ಕ ಸ್ವಲ್ಪ ಯೋಚಿಸುತ್ತಾರೆ. "ಮುಂಚೆ ಯಂತ್ರ ಸರಿ ಮಾಡಿದ ಮೇಲೆ ಚಿಕ್ಕಮ್ಮ ಒಂದು ಚಹಾ ತರಿಸೋರು, ಮಾವ ಒಂದು. ಮಾತಾಡ್ತಾ ಕುಡೀತಿದ್ವಿ. ಈಗ ಸರಿಯಾಯ್ತು ಅಂದ ತಕ್ಷಣ ಫೋನ್ ಇಟ್ಟುಬಿಡ್ತಾರೆ. ಅದೊಂದಕ್ಕೆ ಏನಾದ್ರೂ ಸಾಫ್ಟ್‌ವೇರ್ ಬಂದ್ರೆ ಹೇಳಿ."

ಲೆಕ್ಕ ಇಷ್ಟು. ಉಳಿದದ್ದು ಒಂದು ಮೊಣಕಾಲು, ಒಂದು ಕೆಲಸ. ಹೋದದ್ದು ಒಂದು ಟ್ರೇ ಸ್ಟಿಕ್ಕರ್ ಹಾಳೆ, ದಿನಕ್ಕೆರಡು ಲೋಟ ಚಹಾ.